ಸರ್ಪಸುತ್ತಿನ ಲಸಿಕೆ: ನಮ್ಮ ಕಡೆಯ ಹಿರಿಯರಿಗೆ ಏಕೆ ಬೇಕು

(ಶಿರಸಿಯಲ್ಲಿ ಹಿರಿಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವವರಲ್ಲಿ ಬಹಳಷ್ಟು ಜನ ಅರವತ್ತು ದಾಟಿದವರು. ಅಂಗಿಯ ತೋಳು ಮೇಲೆತ್ತಿದರೆ ಹಲವರಿಗೆ ದೇವಿ ಹಾಕಿದ, ಅಂದರೆ ಸಿಡುಬಿನ ಲಸಿಕೆ ಚುಚ್ಚಿದ, ದುಂಡನೆಯ ಕಲೆ ಈಗಲೂ ಕಾಣುತ್ತದೆ. ಸಿಡುಬು ಬಂದ ಮನೆ ಹೇಗಿರುತ್ತದೆ ಎಂಬುದನ್ನು ನಿಮ್ಮ ತಂದೆತಾಯಿ ಕಣ್ಣಾರೆ ಕಂಡಿದ್ದರು. ಅವರು ಮಾರಿಕಾಂಬೆಗೆ ಹರಕೆಯನ್ನೂ ಹೊತ್ತರು, ಮಕ್ಕಳನ್ನು ಎತ್ತಿಕೊಂಡು ಹೋಗಿ ದೇವಿಯನ್ನೂ ಹಾಕಿಸಿದರು. ಒಂದು ಮಾಡಿದ್ದಕ್ಕೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನ್ನಿಸಲಿಲ್ಲ. 1975ರ ಬಳಿಕ ಈ ದೇಶದಲ್ಲಿ ಯಾರಿಗೂ ಸಿಡುಬು ಬಂದಿಲ್ಲ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆದ್ದರಿಂದ ಲಸಿಕೆಯ ಮಹತ್ವವನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಲಸಿಕೆ ಎಂದರೆ ಮಕ್ಕಳ ಬಾಬತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೋವಿಡ್ ಕಾಲದಲ್ಲಿ ಅದು ಸ್ವಲ್ಪ ಸಡಿಲವಾಗಿತ್ತು, ಈಗ ಮತ್ತೆ ಗಟ್ಟಿಯಾಗಿದೆ. ಮೊಮ್ಮಗುವಿಗೆ ಯಾವ ತಿಂಗಳು ಯಾವ ಚುಚ್ಚುಮದ್ದು ಎಂದು ಬಾಯಿಪಾಠ ಹೇಳುವ ಅಜ್ಜಿಗೆ, ನಿಮಗೂ ಒಂದು ಲಸಿಕೆ ಇದೆ ಎಂದರೆ ನಗು ಬರುತ್ತದೆ. ಆ ಅಜ್ಜಿಯೊಡನೆ ಮಾತಾಡಲೆಂದೇ ನಾನು ಇವತ್ತು ಬಂದಿರುವುದು.

ಸರ್ಪಸುತ್ತು ನಿಮಗೆ ಹೊಸ ಕಾಯಿಲೆಯಲ್ಲ. ಸೊಂಟದ ಒಂದು ಬದಿಗೆ, ಇಲ್ಲವೇ ಬೆನ್ನಿನಿಂದ ಎದೆಯವರೆಗೆ, ಪಟ್ಟಿಯ ಹಾಗೆ ಚರ್ಮ ಕೆಂಪಾಗಿ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಗುಳ್ಳೆ ಕಾಣಿಸಿಕೊಳ್ಳುವ ಮೊದಲೇ ಒಂದೆರಡು ದಿನ, ಕೆಲವರಿಗೆ ನಾಲ್ಕೈದು ದಿನ, ಆ ಜಾಗದಲ್ಲಿ ಉರಿ ಮತ್ತು ಚುಚ್ಚುವ ನೋವು ಇರುತ್ತದೆ. ದಾರಿ ತಪ್ಪಿಸುವುದು ಈ ನೋವೇ. ಎದೆಯ ಎಡಭಾಗದಲ್ಲಿ ಬಂದರೆ ಹೃದಯದ ತೊಂದರೆ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಸೊಂಟದ ಪಕ್ಕದಲ್ಲಾದರೆ ಮೂತ್ರಪಿಂಡದ ಕಲ್ಲು ಎಂದು ಬಾರ್ಲಿ ನೀರು ಶುರುವಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಬಂತೋ, ಅದು ಉಳುಕೇ ಸೈ. ಎಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳುತ್ತಾರೆ. ಗುಳ್ಳೆ ಎದ್ದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತದೆ.

ಈ ಕಾಯಿಲೆ ಹೊರಗಿನಿಂದ ಬರುವುದಿಲ್ಲ. ಚಿಕ್ಕಂದಿನಲ್ಲಿ ನಿಮಗೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಬಂದಿತ್ತಲ್ಲ, ಅದನ್ನು ತಂದ ವೈರಾಣುವೇ ಇದನ್ನೂ ತರುತ್ತದೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಗುಳ್ಳೆ ಒಣಗಿದ ಮೇಲೆ ತಲೆಗೆ ನೀರು ಹಾಕಿದ ದಿನ ಕಾಯಿಲೆ ಮುಗಿಯಿತು ಎಂದು ಮನೆಯವರು ಅಂದುಕೊಂಡರು. ಚರ್ಮದ ಮಟ್ಟಿಗೆ ಅದು ನಿಜ. ಆದರೆ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹೋಗಿ ಅಡಗಿ ಕುಳಿತಿತು. ನಲವತ್ತು, ಐವತ್ತು, ಅರವತ್ತು ವರ್ಷ ಅದು ಅಲ್ಲೇ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಟ್ಟಿರುವುದು ರಕ್ತದಲ್ಲಿರುವ ಟಿ ಜೀವಕೋಶಗಳ ಕಾವಲು. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿ ಮಾಡಿಸಿಕೊಂಡವರು ನುಂಗುವ ಔಷಧಿ ಇವೂ ಅದನ್ನು ಸಡಿಲಗೊಳಿಸುತ್ತವೆ. ಆಗ ವೈರಾಣು ಯಾವುದೋ ಒಂದು ನರದ ಗುಂಟ ಇಳಿದು ಚರ್ಮಕ್ಕೆ ಬರುತ್ತದೆ. ಆ ಒಂದು ನರ ಎಲ್ಲಿ ಹರಡಿದೆಯೋ ಅಲ್ಲಿ ಮಾತ್ರ ಗುಳ್ಳೆ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ದೊಡ್ಡ ಪ್ರಯೋಗಾಲಯದವರಲ್ಲ, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ಬಳಿ ಬರುವ ಊರಿನ ಜನರಲ್ಲಿ ಯಾರಿಗೆ ಯಾವಾಗ ಸರ್ಪಸುತ್ತು ಬಂತು ಎಂಬುದನ್ನು ಅವರು 1947ರಿಂದ 16 ವರ್ಷ ಬಿಡದೆ ಬರೆದಿಟ್ಟರು. ಯಾರು ಎಲ್ಲಿಗೆ ಹೋದರು, ಯಾರು ಬಂದರು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವ ಜಾಗ ಬೇಕೆಂದು ಸ್ಕಾಟ್ಲೆಂಡಿಗೆ ಸೇರಿದ ಶೆಟ್ಲೆಂಡಿನ ಯೆಲ್ ಎಂಬ ದ್ವೀಪಕ್ಕೂ ಹೋದರು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ದಾಟುವ ಕಾಯಿಲೆಯಲ್ಲ, ಒಳಗೇ ಉಳಿದ ಹಳೆಯ ವೈರಾಣು ಮತ್ತೆ ಎದ್ದು ಬರುವುದು ಎಂದು 1965ರಲ್ಲಿ ಬರೆದರು. 85 ವರ್ಷ ಬದುಕುವವರಲ್ಲಿ ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಇದು ಬರುತ್ತದೆ ಎಂಬುದು ಅವರ ಲೆಕ್ಕ. ಹಳ್ಳಿಗಾಡಿನಲ್ಲಿ ರೋಗಿಗಳನ್ನು ನೋಡುವ ನನ್ನಂಥವರಿಗೆ ಅವರ ಮೇಲೆ ವಿಶೇಷ ಗೌರವ. ಒಂದು ನೋಟ್‌ಬುಕ್ಕು, ಒಂದು ಊರು ಮತ್ತು ತಾಳ್ಮೆಯಿಂದ ಅವರು ಕಂಡುಕೊಂಡದ್ದು ಇವತ್ತಿನ ಲಸಿಕೆಗೆ ತಳಹದಿ.

ಈಗ ನಂಬಿಕೆಯ ವಿಷಯ. ಸರ್ಪಸುತ್ತು ಎಂದಕೂಡಲೇ ನಾಗದೋಷ ಎಂದು ನಮ್ಮಲ್ಲಿ ಬಹಳ ಮನೆಗಳಲ್ಲಿ ಹೇಳುತ್ತಾರೆ. ನಾಗಬನಕ್ಕೆ ಹಾಲೆರೆದು ಬರುವವರನ್ನು ನಾನು ಎಂದೂ ತಡೆದಿಲ್ಲ, ತಡೆಯುವುದೂ ಇಲ್ಲ. ಆದರೆ ಒಂದು ಮಾತನ್ನು ನೀವು ಮನಸ್ಸಿನಿಂದ ತೆಗೆದುಹಾಕಬೇಕು. ಹಾವಿನ ತಲೆ ಮತ್ತು ಬಾಲ ಸೊಂಟದ ಸುತ್ತ ಕೂಡಿಕೊಂಡರೆ ಜೀವ ಹೋಗುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ನಮ್ಮ ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿರುತ್ತವೆ. ಎಡಗಡೆಯದು ಎಡ ಅರ್ಧಕ್ಕೆ, ಬಲಗಡೆಯದು ಬಲ ಅರ್ಧಕ್ಕೆ. ಒಂದು ನರದಲ್ಲಿ ಎದ್ದ ಕಾಯಿಲೆ ಮೈಯ ನಡುಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ಈ ಹೆದರಿಕೆಯಿಂದಲೇ ರಾತ್ರಿಯಿಡೀ ನಿದ್ದೆಗೆಟ್ಟು, ಕನ್ನಡಿ ಹಿಡಿದು ಸೊಂಟ ನೋಡಿಕೊಳ್ಳುವ ಹಿರಿಯರನ್ನು ಕಂಡಿದ್ದೇನೆ. ಅವರಿಗೆ ಇರುವ ನೋವೇ ಸಾಕು, ಸಾವಿನ ಭಯ ಬೇರೆ ಬೇಡ.

ಗರಿಕೆ, ಅರಿಶಿನ ಅರೆದು ಹಚ್ಚುವುದು, ಕೆಮ್ಮಣ್ಣು ಬಳಿಯುವುದು ಎಲ್ಲ ರೂಢಿಯಲ್ಲಿದೆ. ತಂಪೆನಿಸಬಹುದು. ಒಡೆದ ಗುಳ್ಳೆಯ ಮೇಲೆ ಮಣ್ಣು ಮಾತ್ರ ಬೇಡ, ಕೀವು ತುಂಬುತ್ತದೆ. ಇನ್ನೊಂದು ದೊಡ್ಡ ನಷ್ಟವೂ ಇದೆ, ಅದು ಸಮಯದ್ದು. ವೈರಾಣುವನ್ನು ಕಟ್ಟಿಹಾಕುವ ಮಾತ್ರೆಗಳಿವೆ. ಅಸೈಕ್ಲೋವಿರ್ ದಿನಕ್ಕೆ ಐದು ಬಾರಿ, ವಾಲಾಸೈಕ್ಲೋವಿರ್ ಆದರೆ ಮೂರು ಬಾರಿ, ಸಾಮಾನ್ಯವಾಗಿ ಒಂದು ವಾರ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ನಂತರ ಪ್ರಯೋಜನ ಇಳಿಯುತ್ತಾ ಹೋಗುತ್ತದೆ.

ನಾನು ಇವತ್ತು ಒತ್ತಿ ಹೇಳಬೇಕಾದದ್ದು ಇಲ್ಲೇ ಇದೆ. ಬೆಂಗಳೂರಿನಲ್ಲಿ ಇರುವವರಿಗೆ ಮೂರು ದಿನ ಎಂದರೆ ಧಾರಾಳ ಸಮಯ. ನಮ್ಮ ಕಡೆ ಮೂರು ದಿನ ಎಂದರೇನು? ಸಿದ್ದಾಪುರದ ಒಳಗಿನ ಒಂದು ಹಳ್ಳಿಯ ಒಂಟಿ ಮನೆಯನ್ನೋ, ಜೋಯಿಡಾದ ಕಾಡಿನ ನಡುವಿನ ಹಳ್ಳಿಯನ್ನೋ ನೆನೆದುಕೊಳ್ಳಿ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಗಂಡಹೆಂಡತಿ ಇಬ್ಬರೇ, ಒಬ್ಬರಿಗೆ ಎಪ್ಪತ್ತೆಂಟು, ಇನ್ನೊಬ್ಬರಿಗೆ ಎಪ್ಪತ್ತೆರಡು. ಆಷಾಢದ ಮಳೆ. ಕರೆಂಟು ಹೋಗಿ ಎರಡು ದಿನ, ಮೊಬೈಲಿಗೆ ಸಿಗ್ನಲ್ ಇಲ್ಲ, ಹೊಳೆ ತುಂಬಿ ಬಸ್ಸು ಬರುವುದಿಲ್ಲ. ಹೆದ್ದಾರಿಯ ಪಾಡೂ ಅಷ್ಟೇ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನರ ಪ್ರಾಣವೇ ಹೋಯಿತು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಇಂಥ ದಿನಗಳಲ್ಲಿ ಸೊಂಟದ ಪಕ್ಕ ನಾಲ್ಕು ಗುಳ್ಳೆ ಎದ್ದರೆ ಯಾರು ತಾನೇ ಆಸ್ಪತ್ರೆಗೆ ಹೊರಟಾರು? ಮಳೆ ನಿಲ್ಲಲಿ ಎನ್ನುತ್ತಾರೆ. ಮಳೆ ಹೊಳವಾಗುವ ಹೊತ್ತಿಗೆ 72 ಗಂಟೆ ಎಂದೋ ಮುಗಿದಿರುತ್ತದೆ. ಚಿಕಿತ್ಸೆ ತಡವಾಗಿ ಸಿಗುವ ಊರಿನಲ್ಲಿರುವವರಿಗೆ ಮುಂಚಿತವಾಗಿ ತಡೆಯುವ ಲಸಿಕೆಯ ಅಗತ್ಯ ಪೇಟೆಯವರಿಗಿಂತ ಹೆಚ್ಚು. ನಮ್ಮಲ್ಲಿ ಆಗುತ್ತಿರುವುದು ತಿರುವುಮುರುವು: ಪೇಟೆಯವರು ಹಾಕಿಸಿಕೊಳ್ಳುತ್ತಿದ್ದಾರೆ, ನಾವು ಹೆಸರನ್ನೇ ಕೇಳಿಲ್ಲ.

ತಡವಾದರೆ ಏನಾಗುತ್ತದೆ ಎಂದು ಕೇಳಬಹುದು. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ಒಣಗಿ ಹಕ್ಕಳೆ ಉದುರುತ್ತದೆ. ನೋವು ಮಾತ್ರ ಕೆಲವರಲ್ಲಿ ಉಳಿದುಬಿಡುತ್ತದೆ. ನರವೇ ಹಾಳಾಗಿ ಮೂರು ತಿಂಗಳು, ಆರು ತಿಂಗಳು, ಕೆಲವರಿಗೆ ವರ್ಷಗಟ್ಟಲೆ ಉಳಿಯುವ ನೋವು. ಸರ್ಪಸುತ್ತು ಬಂದವರಲ್ಲಿ ಶೇ 10ರಿಂದ 18ರಷ್ಟು ಜನ ಇದಕ್ಕೆ ತುತ್ತಾಗುತ್ತಾರೆ. ವಯಸ್ಸು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ತಾಯಿಯ ಬಗ್ಗೆ ಹೇಳುತ್ತೇನೆ. ವಯಸ್ಸು ಎಪ್ಪತ್ತರ ಮೇಲೆ. ಎಡ ಪಕ್ಕೆಯ ಮೇಲೆ ಸರ್ಪಸುತ್ತು ಬಂದು ವಾಸಿಯಾಗಿತ್ತು, ಮಾಸಲು ಕಲೆ ಬಿಟ್ಟರೆ ನೋಡುವುದಕ್ಕೆ ಏನೂ ಇರಲಿಲ್ಲ. ಅವರು ಒಳಗೆ ಬರುವಾಗ ಎಡಗೈಯಿಂದ ಸೀರೆಯ ಸೆರಗನ್ನು ಮೈಯಿಂದ ನಾಲ್ಕು ಬೆರಳು ದೂರ ಹಿಡಿದುಕೊಂಡೇ ಬರುತ್ತಿದ್ದರು. ಕುಳಿತ ಮೇಲೂ ಆ ಕೈ ಹಾಗೆಯೇ ಇರುತ್ತಿತ್ತು. "ಡಾಕ್ಟರೇ, ಬಟ್ಟೆ ತಾಗಿದರೆ ಬೆಂಕಿ ತಾಗಿದ ಹಾಗಾಗುತ್ತದೆ. ಫ್ಯಾನಿನ ಗಾಳಿಯೂ ಬೇಡ. ಮನೆಯವರಿಗೆ ಹೇಳಿದರೆ, ಹುಣ್ಣು ಮಾಯ್ದು ಎಷ್ಟು ದಿನವಾಯಿತು, ಇನ್ನೂ ಏನು ನೋವು ಎನ್ನುತ್ತಾರೆ" ಎಂದರು. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಗಳು ಇಂಥ ನೋವಿಗೆ ಇವೆ. ನೋವು ಅರ್ಧ ಇಳಿದರೂ ದೊಡ್ಡ ಗೆಲುವು. ಆದರೆ ಈ ವಯಸ್ಸಿನಲ್ಲಿ ಅವು ತಲೆ ತಿರುಗಿಸುತ್ತವೆ, ಮಂಪರು ತರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಇನ್ನೊಂದು ಅಧ್ಯಾಯ. ಕಣ್ಣಿಗೆ ಕಾಣದ ನೋವನ್ನು ಮನೆಯವರೂ ನಂಬದಿರುವುದು ಎಷ್ಟು ಕ್ರೂರ ಎಂಬುದನ್ನು ಆ ತಾಯಿಯಿಂದ ತಿಳಿದುಕೊಂಡೆ.

ಕಣ್ಣಿನ ವಿಷಯವನ್ನೂ ಹೇಳಬೇಕು. ಹಣೆಯ ಮೇಲೆ, ರೆಪ್ಪೆಯ ಮೇಲೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯವಿದೆ ಎಂದೇ ತಿಳಿಯಿರಿ. ಮಳೆಯಿರಲಿ, ಮದುವೆಯಿರಲಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಲಸಿಕೆ. ಮೊದಲಿಗೆ 2006ರಲ್ಲಿ ಅಮೆರಿಕದಲ್ಲಿ ಬಂದ ಜೋಸ್ಟಾವ್ಯಾಕ್ಸ್ ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ್ದು. ಅದು ಸುಮಾರು ಅರ್ಧದಷ್ಟು ಪ್ರಕರಣಗಳನ್ನು ತಡೆಯುತ್ತಿತ್ತು. 2020ರಲ್ಲಿ ಅಲ್ಲಿ ಅದರ ಬಳಕೆ ನಿಂತಿತು. ಈಗ ಇರುವುದು ಶಿಂಗ್ರಿಕ್ಸ್. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, 2023ರಲ್ಲಿ ಭಾರತಕ್ಕೆ ಬಂತು, 50 ದಾಟಿದವರಿಗೆಂದು. ಇದರಲ್ಲಿ ಜೀವಂತ ವೈರಾಣು ಇಲ್ಲ. ವೈರಾಣುವಿನ ಮೈಮೇಲಿರುವ ಒಂದೇ ಒಂದು ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹಾಕಿದ್ದಾರೆ. ಹಾಗಾಗಿ ಲಸಿಕೆಯಿಂದಲೇ ಸರ್ಪಸುತ್ತು ಬರುವ ಪ್ರಶ್ನೆ ಇಲ್ಲ. ಬರಿಯ ಪ್ರೋಟೀನಿಗೆ ವಯಸ್ಸಾದ ದೇಹ ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲವೆಂದು ಜೊತೆಗೆ ಎಬ್ಬಿಸುವ ವಸ್ತುವೊಂದನ್ನು ಸೇರಿಸಿದ್ದಾರೆ. ಅದರ ಒಂದು ಅಂಶ ಬರುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಒಂದು ಮರದ ತೊಗಟೆಯಿಂದ. ನಮ್ಮ ಅಂಟುವಾಳದ ಕಾಯಿಯನ್ನು ನೀರಿನಲ್ಲಿ ಉಜ್ಜಿದರೆ ನೊರೆ ಬರುತ್ತದಲ್ಲ, ಆ ನೊರೆ ತರುವ ಸಪೋನಿನ್ ಎಂಬ ವಸ್ತುವಿನ ಜಾತಿಯದೇ ಅದು. ಅಲ್ಲಿನ ಜನರೂ ಆ ತೊಗಟೆಯಿಂದ ಬಟ್ಟೆ ಒಗೆಯುತ್ತಿದ್ದರು.

ಫಲ ಹೇಗಿದೆ ಎಂದರೆ, ಇಷ್ಟು ಇಳಿವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವ ಲಸಿಕೆ ಬೇರೆ ಕಡಿಮೆ. ಎರಡು ಡೋಸ್ ಪೂರ್ತಿಯಾದರೆ 50ರಿಂದ 69ರ ವಯಸ್ಸಿನವರಲ್ಲಿ ಶೇ 97, 70 ದಾಟಿದವರಲ್ಲಿ ಶೇ 91ರಷ್ಟು ರಕ್ಷಣೆ. ಉಳಿದುಬಿಡುವ ನೋವನ್ನೂ ಶೇ 90ರ ಆಸುಪಾಸಿನಲ್ಲಿ ತಡೆಯುತ್ತದೆ. ಹತ್ತು ವರ್ಷ ಕಳೆದ ಮೇಲೂ ರಕ್ಷಣೆ ಬಹುಮಟ್ಟಿಗೆ ಉಳಿದಿರುವುದು ಕಂಡಿದೆ. ಎರಡು ಡೋಸ್‌ಗಳ ನಡುವೆ ಎರಡರಿಂದ ಆರು ತಿಂಗಳ ಅಂತರ. ತೋಳಿನ ಸ್ನಾಯುವಿಗೆ ಚುಚ್ಚುತ್ತಾರೆ.

ಚುಚ್ಚಿದ ಮೇಲೆ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ತೋಳು ನೋಯುತ್ತದೆ, ಊದುತ್ತದೆ. ಮೈಕೈ ನೋವು, ಚಳಿ, ಜ್ವರ, ಆಯಾಸ ಬರಬಹುದು. ಆರು ಜನರಲ್ಲಿ ಒಬ್ಬರಿಗೆ ಎಂದಿನ ಕೆಲಸ ಮಾಡಲಾಗದಷ್ಟು ಸುಸ್ತಾಗುತ್ತದೆ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ, ಪ್ಯಾರಾಸಿಟಮಾಲ್ ಸಾಕು. ನರಗಳು ಬಲಹೀನವಾಗುವ ಗಿಲನ್-ಬಾರೆ ಎಂಬ ತೊಂದರೆ ಹತ್ತು ಲಕ್ಷ ಡೋಸ್‌ಗೆ ಬೆರಳೆಣಿಕೆಯಷ್ಟು ಜನರಲ್ಲಿ ಕಂಡಿದೆ. ಹಿಂದೆ ಆ ತೊಂದರೆ ಬಂದವರು, ಲಸಿಕೆಗೆ ತೀವ್ರ ಅಲರ್ಜಿ ಆದವರು ವೈದ್ಯರಿಗೆ ಮೊದಲೇ ಹೇಳಬೇಕು. ಮರುದಿನ ಮನೆಯಲ್ಲಿ ಶ್ರಾದ್ಧವೋ ಉಪನಯನವೋ ಇದ್ದರೆ ಆ ವಾರ ಬಿಟ್ಟು ಮುಂದಿನ ವಾರ ಹಾಕಿಸಿಕೊಳ್ಳಿ.

ಲಸಿಕೆಯ ಇನ್ನೊಂದು ಸಂಗತಿ ನಮ್ಮ ಊರಿಗೆ ಬಹಳ ಮುಖ್ಯ. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ಪುಡಿ ಒಂದು ಸೀಸೆಯಲ್ಲಿ, ದ್ರವ ಇನ್ನೊಂದರಲ್ಲಿ ಇರುತ್ತದೆ. ಚುಚ್ಚುವ ಮೊದಲು ಬೆರೆಸುತ್ತಾರೆ. ಹುಬ್ಬಳ್ಳಿಯಲ್ಲಿ ಕೊಂಡು, ಬ್ಯಾಗಿನಲ್ಲಿಟ್ಟು, ಬಸ್ಸಿನಲ್ಲಿ ಮನೆಗೆ ತಂದು, ಫ್ರಿಜ್ಜಿನ ಮೇಲ್ಗಡೆ ಐಸ್ ಕಟ್ಟುವ ಗೂಡಿನಲ್ಲಿ ಇಟ್ಟು ಮರುದಿನ ಚುಚ್ಚಿಸಿಕೊಳ್ಳಲು ಹೊರಟರೆ ದುಡ್ಡು ನೀರಿಗೆ ಹಾಕಿದಂತೆ. ಎಲ್ಲಿ ಚುಚ್ಚಿಸಿಕೊಳ್ಳುತ್ತೀರೋ ಆ ಆಸ್ಪತ್ರೆಯವರಿಂದಲೇ ತರಿಸಿ. ಕರೆಂಟು ಹೋದಾಗ ಲಸಿಕೆಯ ಫ್ರಿಜ್ಜಿಗೆ ಏನು ವ್ಯವಸ್ಥೆ ಇದೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಆಸ್ಪತ್ರೆಯವರು ತಾಪಮಾನ ಬರೆದಿಟ್ಟ ಹಾಳೆಯನ್ನೇ ತೋರಿಸುತ್ತಾರೆ. ಸಾಧ್ಯವಾದರೆ ಮಳೆಗಾಲದ ಮೊದಲೇ ಎರಡೂ ಡೋಸ್ ಮುಗಿಯುವಂತೆ, ದೀಪಾವಳಿ ಆಸುಪಾಸಿನಲ್ಲಿ ಒಂದು, ಶಿವರಾತ್ರಿಯ ಸುಮಾರಿಗೆ ಇನ್ನೊಂದು ಎಂದು ಇಟ್ಟುಕೊಂಡರೆ ಅನುಕೂಲ.

ಬೆಲೆ ಹೇಳಿದರೆ ನಿಮಗೆ ಬೇಸರವಾಗುತ್ತದೆ, ನನಗೂ ಆಗುತ್ತದೆ. ಒಂದು ಡೋಸ್‌ಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ. ಬ್ರಿಟನ್ನಿನಲ್ಲಿ 65 ತುಂಬುವವರಿಗೆ, 70ರಿಂದ 79ರವರಿಗೆ ಸರ್ಕಾರವೇ ಉಚಿತವಾಗಿ ಹಾಕುತ್ತದೆ. ನಮ್ಮಲ್ಲೂ ಹಿರಿಯರಿಗೆ, ಕಡೇಪಕ್ಷ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ, ಇದು ಸಿಗಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ ದನಿಯೆತ್ತಿದ್ದಾರೆ. ಆ ಬೇಡಿಕೆಯ ಜೊತೆ ಇದನ್ನೂ ಸೇರಿಸಬೇಕೆಂದು ನನ್ನ ಆಸೆ. ಮೀನುಗಾರಿಕೆಯಲ್ಲೋ ಕೂಲಿಯಲ್ಲೋ ದಿನ ದೂಡುವ ಮನೆಯ ಹಿರಿಯರಿಗೆ ಇಪ್ಪತ್ತು ಸಾವಿರ ಎಲ್ಲಿಂದ ಬರಬೇಕು? ಅವರಿಗೆ ಈ ಉಪನ್ಯಾಸದಿಂದ ಏನು ಉಪಯೋಗ ಎಂಬ ಪ್ರಶ್ನೆ ನನ್ನನ್ನು ಚುಚ್ಚುತ್ತದೆ. ಅಂಥವರಿಗೆ ಗುಳ್ಳೆ ಕಂಡ ದಿನವೇ ಬನ್ನಿ ಎಂದು ಹೇಳುವುದೊಂದೇ ಸದ್ಯಕ್ಕೆ ನನ್ನ ಕೈಲಿರುವುದು. ನಿಮ್ಮ ಕೇರಿಯಲ್ಲಿ ಅವರಿಗೆ ಈ ಮಾತನ್ನು ನೀವೂ ಮುಟ್ಟಿಸಿ.

ಕೊಡುವ ಶಕ್ತಿ ಇರುವವರಿಗೆ ಇನ್ನೊಂದು ಮಾತು. ಬೆಂಗಳೂರಿನಿಂದ, ಹೊರದೇಶದಿಂದ ಮಕ್ಕಳು ಬರುವಾಗ ಅಪ್ಪ ಏನು ತರಲಿ, ಆಯಿ ಏನು ಬೇಕು ಎಂದು ಕೇಳುತ್ತಾರೆ. ಏನೂ ಬೇಡ ತಮ್ಮಾ, ನೀನು ಬಂದರೆ ಸಾಕು ಎನ್ನುತ್ತೀರಿ. ಈ ಸಲ ಹಾಗೆನ್ನಬೇಡಿ. ಇದನ್ನು ಕೇಳಿ. ಗೋಡೆಗೆ ಹೊಸ ಟಿವಿ ಬರುವುದಕ್ಕಿಂತ ಇದು ಮೇಲು. ಒಬ್ಬರಿಗೆ ಮಾತ್ರ ಆಗುವಷ್ಟು ಹಣವಿದ್ದರೆ ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಮೊದಲು. ನಮ್ಮ ಮನೆಗಳಲ್ಲಿ ಗಂಡಸರದು ಮೊದಲು, ಹೆಂಗಸರದು ಆಮೇಲೆ ಎಂದು ಆಗಿಬಿಡುತ್ತದೆ. ಸರ್ಪಸುತ್ತು ಹೆಂಗಸರಿಗೇ ತುಸು ಹೆಚ್ಚು ಬರುತ್ತದೆ ಎಂಬುದು ನೆನಪಿರಲಿ.

ವೇಲ್ಸ್‌ನಿಂದ 2025ರಲ್ಲಿ ಒಂದು ಅಧ್ಯಯನ ಬಂದಿದೆ. ಅಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಹಳೆಯ ಲಸಿಕೆ ಸಿಕ್ಕಿತು, ಒಂದು ದಿನ ಮೊದಲು ಹುಟ್ಟಿದವರಿಗೂ ಸಿಗಲಿಲ್ಲ. ಆಸುಪಾಸಿನಲ್ಲಿ ಹುಟ್ಟಿದ ಈ ಎರಡು ಗುಂಪುಗಳನ್ನು ಏಳು ವರ್ಷ ಹೋಲಿಸಿ ನೋಡಿದರೆ, ಲಸಿಕೆ ಪಡೆದವರಲ್ಲಿ ಮರೆವಿನ ಕಾಯಿಲೆ ಶೇ 20ರಷ್ಟು ಕಡಿಮೆ ಕಂಡಿತು. ಇದು ಕುತೂಹಲ ಹುಟ್ಟಿಸುವ ಸುದ್ದಿ. ಆದರೂ ಮರೆವು ತಡೆಯುವುದಕ್ಕೆಂದು ಈ ಲಸಿಕೆ ಹಾಕಿಸಿಕೊಳ್ಳಿ ಎಂದು ನಾನು ಈಗಲೇ ಹೇಳುವುದಿಲ್ಲ. ನೋವು ತಡೆಯುವುದಕ್ಕೆ ಹಾಕಿಸಿಕೊಳ್ಳಿ, ಅದಷ್ಟೇ ಸಾಕಷ್ಟು ದೊಡ್ಡ ಕಾರಣ.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದ ನೆನಪಿಲ್ಲ, ಆದರೂ ಬೇಕೇ ಎಂದು ಒಬ್ಬರು ಕೇಳಿದರು. ಬೇಕು. ನಿಮ್ಮ ವಯಸ್ಸಿನವರಲ್ಲಿ ಬಹುಪಾಲು ಎಲ್ಲರ ಮೈಯೊಳಗೂ ಆ ವೈರಾಣು ಹೊಕ್ಕಿರುತ್ತದೆ, ನೆನಪಿರಲಿ ಇಲ್ಲದಿರಲಿ. ರಕ್ತ ಪರೀಕ್ಷೆ ಮಾಡಿಸಬೇಕಾಗಿಲ್ಲ.

ಒಮ್ಮೆ ಸರ್ಪಸುತ್ತು ಬಂದು ಹೋಗಿದೆ, ಇನ್ನೇನು ಭಯ ಎಂದರು ಇನ್ನೊಬ್ಬರು. ಅದು ಮತ್ತೆಯೂ ಬರಬಹುದು. ಗುಳ್ಳೆ ಪೂರ್ತಿ ಮಾಯ್ದ ಮೇಲೆ ಹಾಕಿಸಿಕೊಳ್ಳಿ. ಗುಳ್ಳೆ ಇರುವಾಗ ಲಸಿಕೆಯಿಂದ ಚಿಕಿತ್ಸೆಯಾಗುವುದಿಲ್ಲ.

ಬಾಣಂತನಕ್ಕೆ ಮಗಳು ಬಂದಿದ್ದಾಳೆ, ನನಗೆ ಸರ್ಪಸುತ್ತು ಬಂದರೆ ಮಗುವಿಗೆ ಅಂಟುತ್ತದೆಯೇ ಎಂದು ಹಿಂದಿನ ಸಾಲಿನ ತಾಯಿಯೊಬ್ಬರು ಕೇಳಿದರು. ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಮತ್ತು ಅದರ ಲಸಿಕೆ ಆಗದವರಿಗೆ ಸೀತಾಳೆ ಸಿಡುಬು ಬರಬಹುದು. ಹಸುಗೂಸಿಗೆ, ಬಸುರಿಗೆ ಅದು ಅಪಾಯ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಬಟ್ಟೆಯಿಂದ ಮುಚ್ಚಿಟ್ಟುಕೊಂಡು, ಮಗುವನ್ನು ಎತ್ತಿಕೊಳ್ಳದೆ ಇರಬೇಕು. ಟವೆಲು, ಹಾಸಿಗೆ ಬೇರೆ ಇಡಿ.

ಮೊದಲ ಡೋಸ್ ಹಾಕಿಸಿಕೊಂಡು ಮಗನ ಮನೆಗೆ ಹೋಗಿದ್ದೆ, ಬರುವಾಗ ಎಂಟು ತಿಂಗಳಾಯಿತು, ಈಗ ಮೊದಲಿನಿಂದ ಶುರು ಮಾಡಬೇಕೇ ಎಂಬುದು ಕೊನೆಯ ಪ್ರಶ್ನೆ. ಬೇಕಿಲ್ಲ. ಮೊದಲನೆಯದು ವ್ಯರ್ಥವಾಗಿಲ್ಲ, ಎರಡನೆಯದನ್ನು ಆದಷ್ಟು ಬೇಗ ಹಾಕಿಸಿಕೊಂಡರೆ ಆಯಿತು. ಒಂದೇ ಡೋಸ್‌ಗೆ ನಿಲ್ಲಿಸುವುದು ಮಾತ್ರ ಬೇಡ. ಸಕ್ಕರೆ, ರಕ್ತದೊತ್ತಡ ಬರೆಸುವ ಪುಸ್ತಕ ನಿಮ್ಮೆಲ್ಲರ ಚೀಲದಲ್ಲಿ ಇರುತ್ತದೆ. ಮೊದಲ ಡೋಸ್‌ನ ದಿನಾಂಕವನ್ನೂ ಎರಡನೆಯದು ಯಾವ ತಿಂಗಳು ಎಂಬುದನ್ನೂ ಅದರಲ್ಲೇ ಬರೆಸಿಕೊಂಡು ಬನ್ನಿ.